ಬಳೆ ತೊಟ್ಟ ಅಣಬೆ

ನನ್ನ ತಮ್ಮ ಮಂಜುನಿಗೆ ಐವತ್ತು ದಾಟಿದೆ. ಬಂಗಾರಪೇಟೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದಾನೆ, ಮದುವೆ ಮನೆಗಳಲ್ಲಿ ಎರಡನೇ ಪಂಕ್ತಿಯಲ್ಲೂ ಕೂರುವಷ್ಟು ಊಟಪ್ರಿಯ, ಆದರೆ ಅಣಬೆಯನ್ನು ಮಾತ್ರ ಹೊಸ್ತಿಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೋದ ಮಳೆಗಾಲದಲ್ಲಿ ನಾನು ಅವನ ಮನೆಯಲ್ಲಿದ್ದಾಗ ಅವನ ಮಗಳು ಗೆಳತಿಯರ ಜೊತೆ ಬೂದಿಕೋಟೆ ಕಡೆ ಹೋಗಿ, ಹೊಳೆ ದಡದ ಹುಲ್ಲಿನಲ್ಲಿ ಎದ್ದಿದ್ದ ಬಿಳಿ ಅಣಬೆಗಳ ಫೋಟೋ ತೆಗೆದುಕೊಂಡು ಬಂದಿದ್ದಳು. ಫೋಟೋ ತೋರಿಸಿದರೆ ಯಾವ ಅಣಬೆ ಅಂತ ಫೋನೇ ಹೇಳುತ್ತದಂತೆ. ಫೋನು ಮೂರು ಹೆಸರು ಹೇಳಿತು, ಮೂರರಲ್ಲಿ ಯಾವುದಾದರೂ ಇರಬಹುದು, ತಿನ್ನಬೇಡಿ ಎಂದೂ ಹೇಳಿತು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ತೊಟ್ಟಿನ ಮೇಲೆ ಬಳೆ ಇತ್ತು. ಐವತ್ತು ವರ್ಷದ ಮೇಲಾದರೂ ಗುರುತು ತಪ್ಪಲಿಲ್ಲ, ಫೋನನ್ನು ಅವಳ ಕೈಗೆ ವಾಪಸು ಕೊಟ್ಟೆ. ಮಂಜು ಸೋಫಾದಲ್ಲಿ ಕಾಲು ಚಾಚಿಕೊಂಡು ಮಗಳಿಗೆ ಕಥೆ ಶುರು ಮಾಡಿದ.

"ನಮ್ಮ ದೊಡ್ಡಮ್ಮ ಒಬ್ಬಳಿದ್ದಳು. ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ, ಆದ್ರೂ ಅಣಬೆ ಆರಿಸೋದ್ರಲ್ಲಿ ತನ್ನ ಬಿಟ್ರೆ ಇಲ್ಲ ಅನ್ನೋಳು. ಒಂದಿನ ಮನೆಮಂದಿಯನ್ನೆಲ್ಲ ಆಸ್ಪತ್ರೇಲಿ ಮಲಗಿಸಿಬಿಟ್ಟಳು. ಅಲ್ವೇನಕ್ಕ?"

ನಾನು "ಊಂ" ಎಂದೆ.

ಅವನಿಗೆ ಆಗ ಮೂರು ವರ್ಷ. ಅವನಿಗೆ ಗೊತ್ತಿರುವುದೆಲ್ಲ ಅಪ್ಪನ ಬಾಯಿಂದ ಕೇಳಿದ್ದು. ಅಪ್ಪನಿಗೆ ಗೊತ್ತಿದ್ದದ್ದು ನಾನು ಹೇಳದೆ ಉಳಿಸಿದ್ದನ್ನು ಬಿಟ್ಟು ಮಿಕ್ಕಿದ್ದು. ಈ ವಿಷಯದಲ್ಲಿ ನಾನು ಎರಡು ಸಲ "ಊಂ" ಅಂದಿದ್ದೇನೆ. ಎರಡನೆಯದನ್ನು ಈಗ ಹೇಳಿಯಾಯಿತು. ಮೊದಲನೆಯದನ್ನು ಅಂದಾಗ ನನಗೆ ಹನ್ನೊಂದು.

ನಾವಿದ್ದದ್ದು ಕೆ.ಜಿ.ಎಫ್‌ನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಎರಡರ ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಂಥ ನಡುಮನೆ. ಹಿತ್ತಲಲ್ಲಿ ನಲ್ಲಿ, ರುಬ್ಬುವ ಕಲ್ಲು, ಅದರಾಚೆ ಕಸದ ಗುಂಡಿ. ಚಿನ್ನದ ಗಣಿಯ ಪುಡಿ ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದರೆ ಒಣಹಾಕಿದ ಬಟ್ಟೆಗಳ ಮೇಲೆಲ್ಲ ಬಿಳಿ ಧೂಳು. ಅಮ್ಮ ಗೊಣಗಿಕೊಂಡೇ ಮತ್ತೆ ಜಾಲಿಸುತ್ತಿದ್ದಳು. ಒಂದು ಗೋಡೆಯಾಚೆ ತಮಿಳು, ಇನ್ನೊಂದು ಗೋಡೆಯಾಚೆ ತೆಲುಗು. ನಮ್ಮ ಮನೆಯಲ್ಲೇ ಎರಡು ಕನ್ನಡ. ಅಪ್ಪ ಗುಬ್ಬಿ ಕಡೆಯವರು, ಐಟಿಐ ಓದಿ ಫ್ಯಾಕ್ಟರಿಯ ಟೂಲ್‌ರೂಮಿಗೆ ಸೇರಿದವರು. ಅಮ್ಮ ಬೂದಿಕೋಟೆ ಪಕ್ಕದ ಹಳ್ಳಿಯವಳು. ಅಪ್ಪ ಕೆಟ್ಟವರಲ್ಲ, ಅಳತೆಯ ಮನುಷ್ಯ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕಬ್ಬಿಣದ ತುಂಡನ್ನು ಎಸೆಯುವ ಕೆಲಸ ಮಾಡಿ ಮಾಡಿ, ಮನೆಗೆ ಬಂದರೂ ಕಣ್ಣಲ್ಲೇ ಅಳೆಯುತ್ತಿದ್ದರು. ಅವರ ಅಳತೆಗೆ ಆ ಮನೆಯಲ್ಲಿ ಒಬ್ಬರು ಹೆಚ್ಚಾಗಿದ್ದರು. ಅದು ಅಮ್ಮನ ಅಕ್ಕ, ಮುನಿಯಮ್ಮ ದೊಡ್ಡಮ್ಮ.

ದೊಡ್ಡಮ್ಮನನ್ನು ಕೊಟ್ಟಿದ್ದು ಕಾಮಸಮುದ್ರದ ಕಡೆ. ಮಕ್ಕಳಾಗುವ ಮೊದಲೇ ಗಂಡ ಹೋದ. ಮೈದುನಂದಿರು ಆಡು ಕಾಯುವುದಕ್ಕೆ ಇಟ್ಟುಕೊಂಡರು, ಉಳಿದದ್ದಕ್ಕೆ ಇಟ್ಟುಕೊಳ್ಳಲಿಲ್ಲ. ತವರಿನಲ್ಲಿ ನನ್ನ ಸೋದರಮಾವನ ಹೆಂಡತಿಗೂ ಅವಳಿಗೂ ಒಂದು ದಿನದ ಮಟ್ಟಿಗೆ ಸರಿಹೋಗುತ್ತಿತ್ತು, ಎರಡನೇ ದಿನಕ್ಕೆ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಮಂಜು ಹುಟ್ಟಿದಾಗ ಬಾಣಂತನಕ್ಕೆಂದು ನಮ್ಮ ಮನೆಗೆ ಒಂದು ತಿಂಗಳಿಗೆ ಬಂದವಳು ಮೂರು ವರ್ಷ ಉಳಿದಳು. ಅವಳ ಟ್ರಂಕು ನಡುಮನೆಯ ಮೂಲೆಯಲ್ಲಿತ್ತು, ಅದರ ಪಕ್ಕದಲ್ಲೇ ಅವಳ ಚಾಪೆ, ಅದೇ ಚಾಪೆಯಲ್ಲಿ ನಾನು. ಅವಳ ಬರಿಗೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡು ಮಲಗುತ್ತಿದ್ದೆ. ಅಮ್ಮನ ಕೈಯ ಗಾಜಿನ ಬಳೆಗಳು ಒತ್ತುತ್ತಿದ್ದವು, ದೊಡ್ಡಮ್ಮನ ಕೈ ಒತ್ತುತ್ತಿರಲಿಲ್ಲ. ಅದು ಯಾಕೆ ಬರಿಗೈ ಅಂತ ಯೋಚಿಸುವ ವಯಸ್ಸು ನನ್ನದಾಗಿರಲಿಲ್ಲ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅಪ್ಪ ಅಮ್ಮನ ಜಗಳ ಒಂದೇ ಗೆರೆಗೆ ಬಂದು ನಿಂತಿತ್ತು. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಆಡುತ್ತಿದ್ದರು. ಬಾಗಿಲಾಚೆ ಕೂತ ದೊಡ್ಡಮ್ಮನಿಗೂ ನನಗೂ ಎಲ್ಲ ಕೇಳುತ್ತಿತ್ತು.

"ಅಕ್ಕಯ್ಯ ಇರಬಾರದು ಅಂತ ನಾನು ಹೇಳ್ತಿಲ್ಲ. ಇರೋಕೆ ಜಾಗ ಬೇಕಲ್ಲ. ಮೂರು ಕೋಣೆ ಕ್ವಾರ್ಟರ್ಸಿಗೆ ಅರ್ಜಿ ಹಾಕಿದೀನಿ. ಸಿಕ್ಕಿದ್ರೆ ಇರ್ಲಿ, ಸಿಗಲಿಲ್ಲ ಅಂದ್ರೆ ದಸರೆ ಕಳೆದು ಅವರ ಮನೆಗೆ ಹೋಗ್ಲಿ."

"ಯಾವ್ದು ಅವ್ಳ ಮನೆ? ಆಡಿನ್ ಕೊಟ್ಟಿಗೇನಾ?"

ಅಮ್ಮ ಹೀಗೆ ಕೇಳಿದರೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಿದ್ದರು. ದೊಡ್ಡಮ್ಮ ಮೊರದಲ್ಲಿದ್ದ ರಾಗಿಯನ್ನು ಇನ್ನಷ್ಟು ಜೋರಾಗಿ ಕೇರುತ್ತಿದ್ದಳು, ತನಗೆ ಕೇಳಿಸಲಿಲ್ಲ ಎಂದು ತೋರಿಸುವುದಕ್ಕೆ.

ವರ್ಷವೆಲ್ಲ ಹೀಗೆ ಮೂಲೆಯಲ್ಲಿ ಮೈ ಮುದುಡಿಕೊಂಡು ಇರುತ್ತಿದ್ದ ದೊಡ್ಡಮ್ಮ ತಲೆ ಎತ್ತುತ್ತಿದ್ದದ್ದು ಗುಡುಗು ಬಂದಾಗ. ಎರಡು ಗುಡುಗು, ಒಂದು ಒಳ್ಳೆ ಮಳೆ, ಆಮೇಲೆ ಒಂದು ದಿನ ಸೆಕೆ. ಅಷ್ಟಾದರೆ ಅವಳು ನನ್ನನ್ನು ಕರೆದುಕೊಂಡು ರೈಲಿನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ಬೂದಿಕೋಟೆ ಬಸ್ಸಿನಲ್ಲಿ ತವರಿಗೆ ಹೊರಟುಬಿಡುತ್ತಿದ್ದಳು. ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಹಳೆಯ ಹುತ್ತಗಳಿದ್ದವು. ಯಾವ ಹುತ್ತ ಯಾವ ವಾರ ಅಣಬೆ ಬಿಡುತ್ತದೆಂದು ಅವಳಿಗೆ ಗೊತ್ತು. ಚಿಕ್ಕಂದಿನಲ್ಲಿ ಅಲ್ಲೇ ಆಡು ಕಾಯುತ್ತ ಕಲಿತದ್ದಂತೆ. ಅಣಬೆಯನ್ನು ಅವಳು ಕೀಳುತ್ತಿರಲಿಲ್ಲ, ಎರಡು ಬೆರಳನ್ನು ಮಣ್ಣಿಗೆ ಇಳಿಸಿ ಮೆಲ್ಲಗೆ ಎಬ್ಬಿಸುತ್ತಿದ್ದಳು. ಹುತ್ತದ ಅಣಬೆಗೆ ಮಣ್ಣೊಳಗೆ ಗೇಣುದ್ದ ಬಾಲವಿರುತ್ತದೆ, ಅದು ಕಡಿಯದೆ ಬರಬೇಕು. ಬಾಲ ಬಂತೆಂದರೆ ಅರ್ಧ ಗುರುತು ಸಿಕ್ಕ ಹಾಗೆ. ಆಮೇಲೆ ತಲೆಯ ಮೇಲೆ ಸಣ್ಣ ಗುಬುಟು ಇದೆಯೇ, ಮಗುಚಿ ನೋಡಿದರೆ ಹಾಳೆಗಳು ಬಿಳಿಯೇ, ಮುರಿದರೆ ಹಸಿ ರಾಗಿ ಹಿಟ್ಟಿನ ವಾಸನೆಯೇ ಎಂದು ನೋಡುವುದು. ಕೊನೆಗೆ ತೊಟ್ಟು. ಅದನ್ನು ನನಗೆ ಎಷ್ಟು ಸಲ ಹೇಳಿದ್ದಳೋ.

"ತೊಟ್ಟು ನೋಡೇ ಸರೋಜಿ. ಸುತ್ತಾ ಬಳೆ ಇದ್ದಂಗೆ ಐತಾ? ಬಳೆ ತೊಟ್ಕಂಡಿದ್ರೆ ಅದು ನಮ್ದಲ್ಲ. ಎಷ್ಟೇ ಚೆಂದ ಇರ್ಲಿ, ಬಿಟ್ಬುಡು."

"ಯಾಕೆ ದೊಡ್ಡಮ್ಮ?"

"ಯಾಕಂದ್ರೆ ನಮ್ಮವ್ವ ಏಳಿದ್ಲು. ಅವ್ಳಿಗೆ ಅವ್ರವ್ವ ಏಳಿದ್ಲು. ಆ ಬಿಳೀವು ಉಲ್ಲಿನಾಗೆ ಚಕ್ರದಂಗೆ ಏಳ್ತವಲ್ಲ, ಅವು ನೋಡಕ್ಕಷ್ಟೆ."

ಮನೆಗೆ ಬಂದ ಮೇಲೆ ಹಿತ್ತಲ ಮೆಟ್ಟಿಲಿನ ಮೇಲೆ ಕೂತು ಒಂದೊಂದನ್ನೂ ಮತ್ತೆ ಮಗುಚಿ ನೋಡುತ್ತಿದ್ದಳು. ಅವಳ ಕೈ ಮುಟ್ಟದ ಅಣಬೆ ಗಡಿಗೆಗೆ ಬೀಳುವಂತಿರಲಿಲ್ಲ. ಸಾರು ಕುದಿದ ಮೇಲೆ ಮೊದಲ ತುತ್ತು ಅವಳದು. ತಾನು ತಿಂದು, ಮೆಟ್ಟಿಲ ಮೇಲಿನ ಬಿಸಿಲು ನಲ್ಲಿಯ ಕಟ್ಟೆ ದಾಟುವವರೆಗೆ ಸುಮ್ಮನೆ ಕೂರುವಳು. ನಾವು ಹಸಿದುಕೊಂಡು ಅವಳ ಮುಖವನ್ನೇ ನೋಡುತ್ತಿದ್ದೆವು. ಆಮೇಲೆ ಎದ್ದು, "ಉಣ್ಣಿ" ಅನ್ನುವಳು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುತ್ತಿದ್ದ ಹೆಂಗಸು ವರ್ಷದಲ್ಲಿ ನಾಲ್ಕೈದು ದಿನ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದಳು. ಅಪ್ಪ ಕೂಡ ಆ ಸಾರಿಗೆ ಇನ್ನೊಂದು ಮುದ್ದೆ ಕೇಳುತ್ತಿದ್ದರು, ಅವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿದ್ದಿಲ್ಲ.

ಅಪ್ಪ ಟೂಲ್‌ರೂಮಿನಲ್ಲಿ ಬಾಯಿ ಜಾರಿ ಈ ಸಾರಿನ ಸುದ್ದಿ ಹೇಳಿದ್ದರಂತೆ. ಅವರ ಸೂಪರ್‌ವೈಸರ್ ತಾವೂ ಒಂದು ಸಲ ರುಚಿ ನೋಡಬೇಕು ಎಂದರಂತೆ. ಕ್ವಾರ್ಟರ್ಸಿನ ಅರ್ಜಿಗಳನ್ನು ನೋಡುವ ಸಮಿತಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಭಾನುವಾರ ಮಧ್ಯಾಹ್ನದ ಊಟಕ್ಕೆ ಬರುತ್ತಾರೆಂದು ಅಪ್ಪ ಹೇಳಿದರು. ಶನಿವಾರ ತವರಿಗೆ ಹೊರಟು ರೈಲಿನಲ್ಲಿ ಕೂತಾಗ ದೊಡ್ಡಮ್ಮ ನನ್ನ ಕಿವಿಯಲ್ಲಿ ಹೇಳಿದಳು.

"ದೊಡ್ಮನೆ ಸಿಕ್ರೆ ನಿಂಗೊಂದು ಮೂಲೆ, ನಂಗೊಂದು ಮೂಲೆ. ಆಯ್ತಾ?"

"ಬೇಡ, ಇಬ್ಬರಿಗೂ ಒಂದೇ ಮೂಲೆ," ಎಂದೆ. ಅವಳು ನಕ್ಕಳು. ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ಕೊನೆಯ ಸಲ ನೋಡಿದ್ದು ಅದೇ ಇರಬೇಕು.

ಭಾನುವಾರ ಬೆಳಗಾಗುತ್ತಲೇ ಇಳಿಜಾರಿಗೆ ಹೋದೆವು. ಹುತ್ತಗಳು ಮೋಸ ಮಾಡಿದ್ದವು. ನಮಗಿಂತ ಮೊದಲೇ ಯಾರೋ ಬಂದು ಹೋಗಿದ್ದರು. ಮೂರು ಹುತ್ತ ಸುತ್ತಿದರೂ ಬುಟ್ಟಿಯ ತಳ ಮುಚ್ಚಲಿಲ್ಲ. ದೊಡ್ಡಮ್ಮನ ಮುಖ ಸಣ್ಣದಾಯಿತು. ಸಿಕ್ಕಷ್ಟನ್ನು ಅಲ್ಲೇ ಒಂದೊಂದಾಗಿ ನೋಡಿ ಮುಗಿಸಿ, "ಒಬ್ರಿಗಾಗ್ತದೆ, ಬಂದೋರಿಗೆ ಬಡಿಸಿದ್ರಾಯ್ತು," ಎನ್ನುತ್ತ ಕಾಲಿನ ಕೆಸರು ತೊಳೆಯಲು ಹೊಳೆಯ ಕಲ್ಲುಗಳ ಕಡೆಗೆ ಹೋದಳು. ನಾನು ದಡದ ಮೇಲಿನ ಹುಲ್ಲಿಗೆ ಹತ್ತಿದೆ. ಅಲ್ಲಿ ಅವು ಇದ್ದವು. ದೋಸೆಯಷ್ಟಗಲ, ಬೆಳ್ಳಗೆ, ಮೇಲೆ ಕಂದು ಚಕ್ಕೆ, ಚಕ್ರದ ಹಾಗೆ ಸುತ್ತಲೂ ಹದಿನೈದು ಇಪ್ಪತ್ತು. ಪ್ರತಿಯೊಂದರ ತೊಟ್ಟಿಗೂ ಒಂದು ಬಳೆ.

ನಾನು ಮಾಡಿದ್ದನ್ನು ಬಚ್ಚಿಡದೆ ಬರೆಯುತ್ತೇನೆ. ಒಂದರ ಬಳೆಯನ್ನು ಬೆರಳಿನಿಂದ ಮುಟ್ಟಿದೆ. ಅದು ಸಡಿಲವಾಗಿತ್ತು, ಮೇಲೆ ಕೆಳಗೆ ಜಾರುತ್ತಿತ್ತು. ಎಳೆದರೆ ಕಿತ್ತು ಬಂತು. ಬಳೆ ಹೋದ ಮೇಲೆ ಅದು ನನ್ನ ಕಣ್ಣಿಗೆ ಹುತ್ತದ ಅಣಬೆಗಳ ಹಾಗೇ ಕಂಡಿತು. ಹನ್ನೊಂದು ವರ್ಷದ ಬುದ್ಧಿಗೆ ಬಳೆಯೇ ದೋಷ, ಬಳೆ ತೆಗೆದರೆ ದೋಷವೂ ಹೋಯಿತು. ಎಂಟನ್ನು ಕಿತ್ತು, ಎಂಟರ ಬಳೆಯನ್ನೂ ಜಾರಿಸಿ ಹೊಳೆಗೆ ಎಸೆದು, ನನ್ನ ಬಟ್ಟೆ ಚೀಲದಲ್ಲಿ ಲಂಗದ ಕೆಳಗೆ ಇಟ್ಟುಕೊಂಡೆ. ಗಡಿಗೆ ತುಂಬಬೇಕು, ಸೂಪರ್‌ವೈಸರ್ ಹೊಟ್ಟೆ ತುಂಬ ಉಣ್ಣಬೇಕು, ದೊಡ್ಡ ಮನೆ ಸಿಗಬೇಕು, ದೊಡ್ಡಮ್ಮ ಇರಬೇಕು. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಪ್ರೀತಿಯಿಂದಲೇ ಮಾಡಿದೆ ಎಂದು ಹೇಳಿಕೊಂಡರೆ ಈಗ ಯಾರಿಗೂ ಏನೂ ಪ್ರಯೋಜನವಿಲ್ಲ.

ಬಸ್ಸು ತಡವಾಗಿ, ಮನೆ ಮುಟ್ಟುವಷ್ಟರಲ್ಲಿ ಹೊತ್ತು ಏರಿತ್ತು. ದೊಡ್ಡಮ್ಮ ನೇರ ರುಬ್ಬುವ ಕಲ್ಲಿನ ಮುಂದೆ ಕೂತಳು. ಅಣಬೆ ತೊಳೆದು ಸೀಳುವ ಕೆಲಸ ನಾನೇ ಮಾಡುತ್ತೇನೆಂದು ಕೇಳಿಕೊಂಡು ನಲ್ಲಿಯ ಹತ್ತಿರ ಹೋದೆ. ತೊಟ್ಟುಗಳನ್ನು ಮುರಿದು ಕಸದ ಗುಂಡಿಗೆ ಹಾಕಿ, ಎರಡು ಬಗೆಯವನ್ನೂ ಎಳೆಎಳೆಯಾಗಿ ಸೀಳಿ ಬೆರೆಸಿದೆ. ಸೀಳಿದ ಮೇಲೆ ಯಾವುದು ಯಾವುದೆಂದು ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಪಾತ್ರೆ ತಂದಿಟ್ಟಾಗ ದೊಡ್ಡಮ್ಮ ಕೊತ್ತಂಬರಿ ಬೀಜ, ಕಾಯಿ, ಬೆಳ್ಳುಳ್ಳಿಯ ಮಸಾಲೆ ಮೆತ್ತಿದ ಕೈಯನ್ನು ಎತ್ತಿ ಹಿಡಿದುಕೊಂಡು ಒಮ್ಮೆ ನೋಡಿದಳು.

"ಇಷ್ಟೊಂದಿತ್ತಾ?"

"ಸೀಳಿದ್ದಕ್ಕೆ ಜಾಸ್ತಿ ಕಾಣ್ತಿದೆ."

"ಎಲ್ಲಾ ನಾನ್ ನೋಡಿದ್ದೇ ಅಲ್ವೇನೇ?"

"ಊಂ," ಎಂದೆ.

ಸಾರು ಇಳಿಸುವ ಹೊತ್ತಿಗೆ ಸೂಪರ್‌ವೈಸರ್ ಮುಂದಿನ ಕೋಣೆಯಲ್ಲಿ ಕೂತಾಗಿತ್ತು. ದೊಡ್ಡಮ್ಮ ತನ್ನ ಪದ್ಧತಿಯಂತೆ ಬಟ್ಟಲಿಗೆ ಸ್ವಲ್ಪ ಬಗ್ಗಿಸಿಕೊಳ್ಳಲು ಹೋದಳು. ಅಮ್ಮ ಅವಳ ಕೈ ಹಿಡಿದಳು.

"ಬಂದೋರು ಕಾಯ್ತಾವ್ರೆ ಅಕ್ಕ. ಅವ್ರಿಗಿಂತ ಮುಂಚೆ ನೀನು ತಿಂದ್ರೆ ಏನನ್ಕೋತಾರೆ? ಬಿಸಿಲು ದಾಟೋಗಂಟ ಕೂಡಿಸ್ಕೊಳ್ಳಕ್ಕಾಯ್ತದಾ?"

ದೊಡ್ಡಮ್ಮ ಬಟ್ಟಲು ಕೆಳಗಿಟ್ಟಳು. ಸೂಪರ್‌ವೈಸರ್ ಎರಡು ಸಲ ಹಾಕಿಸಿಕೊಂಡರು. ಅಪ್ಪ, ಅಮ್ಮ, ಮಂಜು, ನಾನು ಉಂಡೆವು. ಕೊನೆಗೆ ದೊಡ್ಡಮ್ಮ ಕೂತಾಗ ಗಡಿಗೆಯಲ್ಲಿ ಏನೂ ಉಳಿದಿರಲಿಲ್ಲ. ಮಜ್ಜಿಗೆಯಲ್ಲಿ ಮುದ್ದೆ ನುಂಗಿ ಎದ್ದಳು. ಅವಳ ಮುಖದಲ್ಲಿ ಸಂತೋಷವೇ ಇತ್ತು.

ಮೂರು ಗಂಟೆಯ ಹೊತ್ತಿಗೆ ಮೊದಲು ವಾಂತಿ ಮಾಡಿದ್ದು ಮಂಜು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಹಿತ್ತಲಿನವರೆಗೆ ಹೋಗಲಾರದೆ ಅಪ್ಪ ಬಾಗಿಲಲ್ಲೇ ಕುಸಿದರು. ನಿಂತಿದ್ದವಳು ದೊಡ್ಡಮ್ಮ ಒಬ್ಬಳೇ. ಮಂಜುನನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ಎಳೆದುಕೊಂಡು, ಅಕ್ಕಪಕ್ಕದವರನ್ನು ಮೂರು ಭಾಷೆಯಲ್ಲಿ ಕೂಗಿ ಕರೆದು ನಮ್ಮನ್ನೆಲ್ಲ ಆಸ್ಪತ್ರೆ ಸೇರಿಸಿದಳು. ಸೂಪರ್‌ವೈಸರ್ ಅವರನ್ನು ಅವರ ಮನೆಯವರು ಅಲ್ಲಿಗೇ ಕರೆತಂದರು. ಮಂಜುನ ಕಣ್ಣು ಗುಳಿ ಬಿದ್ದಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಅವನ ಸಣ್ಣ ಕೈಗೆ ಗ್ಲೂಕೋಸ್ ಏರಿಸಿದ್ದನ್ನು ಪಕ್ಕದ ಮಂಚದಿಂದ ನೋಡುತ್ತ, ಇವನು ಸತ್ತರೆ ನಾನೇ ಕೊಂದ ಹಾಗೆ ಎಂದು ಮುಷ್ಟಿ ಕಚ್ಚಿಕೊಂಡು ಮಲಗಿದ್ದೆ.

ಸಂಜೆಗೆ ಎಲ್ಲರೂ ಚೇತರಿಸಿಕೊಳ್ಳುತ್ತಿದ್ದೆವು. ಯಾವ ಥರದ ಅಣಬೆಯೆಂದು ಡಾಕ್ಟರು ಕೇಳಿದ್ದಕ್ಕೆ ದೊಡ್ಡಮ್ಮ ಮನೆಗೆ ಹೋಗಿ ಬಂದಳು. ಬಂದವಳು ಮೊದಲು ನನ್ನ ಮಂಚದ ಹತ್ತಿರ ನಿಂತಳು. ಅವಳ ಕಾಲಿಗೆ ಕಸದ ಗುಂಡಿಯ ಮಣ್ಣು ಮೆತ್ತಿತ್ತು, ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿ ಹಿಡಿದಿದ್ದಳು. ನನ್ನನ್ನೇ ನೋಡಿದಳು. ನಾನು ಗೋಡೆಯ ಕಡೆ ಹೊರಳಿದೆ. ಅವಳು ಡಾಕ್ಟರ ಹತ್ತಿರ ಹೋಗಿ ಗಂಟು ಬಿಚ್ಚಿದಳು. ಅಪ್ಪನಿಗೂ ಕೇಳುವ ಹಾಗೆ ಹೇಳಿದಳು.

"ಒಳೆ ದಡದ್ದು ಸೇರ್ಬುಟ್ಟದೆ ಸ್ವಾಮಿ. ನನ್ ಕಣ್ಣು ಮಂದ ಆಗೋಗಿದೆ. ಗೊತ್ತಾಗ್ಲಿಲ್ಲ."

ಅಪ್ಪ ಕೂಗಾಡಲಿಲ್ಲ. ಸೂಪರ್‌ವೈಸರ್ ಮಲಗಿದ್ದ ಮಂಚದ ಕಡೆಗೊಮ್ಮೆ ನೋಡಿ, ಅಮ್ಮನಿಗೆ ತಗ್ಗಿದ ದನಿಯಲ್ಲಿ, "ಅಕ್ಕಯ್ಯ ಒಬ್ಬರೇ ತಿನ್ನಲಿಲ್ಲ, ನೋಡು," ಎಂದರು. ಅಷ್ಟೇ. ಯಾವಾಗಲೂ ಮೊದಲು ತಿನ್ನುವವಳನ್ನು ತಡೆದದ್ದು ತಾನು ಎಂದು ಅಮ್ಮ ಹೇಳಬಹುದಿತ್ತು. ಅಮ್ಮ ಹೇಳಲಿಲ್ಲ. ಮಿಕ್ಕಿದ್ದನ್ನು ನಾನು ಹೇಳಬಹುದಿತ್ತು. ಹೇಳಿದ್ದರೆ ಬೆನ್ನಿಗೆ ಎರಡು ಏಟು ಬೀಳುತ್ತಿತ್ತು, ನಾಲ್ಕು ದಿನದಲ್ಲಿ ನೋವು ಹೋಗುತ್ತಿತ್ತು. ಅದಕ್ಕೆ ಹೆದರಿದೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಎಲ್ಲರೂ "ಪಾಪ ಮಗು" ಎಂದು ತಲೆ ಸವರುತ್ತಿದ್ದರು, ಆ ಕೈಗಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಬುಧವಾರ ದೊಡ್ಡಮ್ಮ ತಾನಾಗಿಯೇ ಟ್ರಂಕು ಕಟ್ಟಿದಳು. ಅಮ್ಮನೂ ನಾನೂ ಬಂಗಾರಪೇಟೆಯವರೆಗೆ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ದಾರಿಗೆ ಬಾಳೆಹಣ್ಣು ತರುತ್ತೇನೆಂದು ಮಾರ್ಕೆಟ್ಟಿನ ಕಡೆ ಹೋದಳು. ಟ್ರಂಕಿನ ಮೇಲೆ ದೊಡ್ಡಮ್ಮ, ಅವಳ ಪಕ್ಕದಲ್ಲಿ ನಾನು. ಕಾಮಸಮುದ್ರದ ಬಸ್ಸು ಬಂತು. ನಾನು ಚೀಲ ಎತ್ತಿಕೊಂಡೆ. ಅವಳು ಏಳಲಿಲ್ಲ.

"ಜನ ಜಾಸ್ತಿ ಅವ್ರೆ ಕಣೇ. ಕೂರಕ್ಕೆ ಜಾಗ ಸಿಗಾಕಿಲ್ಲ. ಇನ್ನೊಂದು ಬತ್ತದೆ, ಓಗ್ತೀನಿ."

ಬಸ್ಸು ಹೋಯಿತು. ಅವಳು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು, ನಿಧಾನವಾಗಿ. ಅಮ್ಮ ಹಣ್ಣು ತಂದಳು, ಎರಡನೇ ಬಸ್ಸು ಬಂತು, ದೊಡ್ಡಮ್ಮ ಹತ್ತಿದಳು.

ಮುಂದಿನ ವರ್ಷ ನಮಗೆ ಮೂರು ಕೋಣೆಯ ಮನೆ ಸಿಕ್ಕಿತು. ಸೂಪರ್‌ವೈಸರ್ ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಮೂರನೆಯ ಕೋಣೆಯಲ್ಲಿ ಅಪ್ಪ ರಾಗಿ ಮೂಟೆ ಮತ್ತು ಹಳೆಯ ಸೈಕಲ್ಲು ಇಟ್ಟರು. ನಾನು ಒಂಟಿಯಾಗಿ ಚಾಪೆ ಹಾಸಿಕೊಳ್ಳುವುದನ್ನು ಕಲಿತೆ.

ಮದುವೆಯಾಗಿ ಕೋಲಾರಕ್ಕೆ ಬಂದ ಮೇಲೆ ಒಮ್ಮೆ ಕಾಮಸಮುದ್ರದ ಕಡೆ ಅವಳನ್ನು ನೋಡಲು ಹೋದೆ. ಕೊಟ್ಟಿಗೆಯ ಮುಂದಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಆ ಊರಿಗೂ ಸುದ್ದಿ ಮುಟ್ಟಿತ್ತು. ಇವಳ ಕಣ್ಣು ನಂಬಿ ಅಣಬೆ ತಿನ್ನಬೇಡಿ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ನಾವು ಕೂತಿದ್ದಾಗಲೇ ಪಕ್ಕದ ಮನೆಯ ಹೆಂಗಸು ಮಡಿಲಲ್ಲಿ ಏನನ್ನೋ ಇಟ್ಟು ಸೆರಗು ಮುಚ್ಚಿಕೊಂಡು ಬಿರಬಿರನೆ ದಾಟಿ ಹೋದಳು. ದೊಡ್ಡಮ್ಮ ತಲೆ ಎತ್ತದೆ ನನಗಷ್ಟೇ ಕೇಳುವಂತೆ, "ಒಳ್ಳೇವೇ. ಉತ್ತದ ಅಣಬೆ. ವಾಸನೆ ಬಂತು," ಎಂದಳು. ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಅವತ್ತು ನಾನು..."

"ಗೊತ್ತು ಕಣೇ. ಬಳೆ ಜಾರ್ಸಿದ್ರೂ ತೊಟ್ಟಿನ್ ಮ್ಯಾಲೆ ಗೆರೆ ಉಳೀತದೆ. ಗುಂಡೀನಾಗೆ ಸಿಕ್ತು. ಒಂದಲ್ಲ, ಎಂಟು."

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ನಾನ್ಯಾಕೆ ಏಳ್ಲಿ? ನೀನೇ ಏಳ್ತೀಯ ಅನ್ಕಂಡಿದ್ದೆ."

ಎರಡು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಬಂಗಾರಪೇಟೆನಾಗೆ ಒಂದ್ ಬಸ್ಸು ಬಿಟ್ಟೆ ಸರೋಜಿ, ನೀನೇನಾರ ಏಳ್ತೀಯೇನೋ ಅಂತ. ಇನ್ನೊಂದು ಬಿಟ್ಟಿದ್ರೆ ನಿಮ್ಮಮ್ಮ ಯಾಕೆ ಅಂತ ಕೇಳ್ತಿದ್ಲು."

ಅಪ್ಪ ಆಗ ಇನ್ನೂ ಇದ್ದರು. ಈಗಲೇ ಹೋಗಿ ಹೇಳುತ್ತೇನೆ ಎಂದೆ. "ಈಗ್ಯಾಕೆ ಬುಡು," ಎಂದಳು. ಆ ಮಾತನ್ನೇ ಅಪ್ಪಣೆ ಎಂದುಕೊಂಡು ಸುಮ್ಮನಾದೆ. ಅವಳು ಹೋದಳು, ಆಮೇಲೆ ಅಪ್ಪ ಹೋದರು, ಅಮ್ಮನೂ ಹೋದಳು. ಕಣ್ಣು ಕಾಣದ ದೊಡ್ಡಮ್ಮನ ಕಥೆ ಮಾತ್ರ ಉಳಿದು ಮಂಜುನ ಮಗಳವರೆಗೆ ಬಂದಿದೆ. ಈ ಹಾಳೆಗಳನ್ನು ಮೊದಲು ಅವನ ಮನೆಗೆ ತೆಗೆದುಕೊಂಡು ಹೋಗಿ, ಅವನ ಮಗಳನ್ನೂ ಕೂರಿಸಿಕೊಂಡು ನಾನೇ ಓದಬೇಕೆಂದಿದ್ದೇನೆ. ಅವನು ಏನು ಕೇಳುತ್ತಾನೋ ಗೊತ್ತಿಲ್ಲ. ಆ ವಯಸ್ಸಿನಲ್ಲಿ ನಿನಗೇನು ತಿಳಿಯುತ್ತಿತ್ತು ಬಿಡಕ್ಕ ಎಂದರೆ, ಒಂದನ್ನು ಮಾತ್ರ ಹೇಳಬೇಕು. ಬಂಗಾರಪೇಟೆಯಲ್ಲಿ ದೊಡ್ಡಮ್ಮ ಬಿಟ್ಟುಬಿಟ್ಟ ಆ ಮೊದಲನೇ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದವು. ನಾನು ನೋಡಿದ್ದೆ.